ನಡುಹಗಲಿನ ಬಿಸಿಲಲ್ಲಿ ಜೋಡಿ ಫೋಟೊ: ಮುಖ ಕಪ್ಪಗೆ ಬರುವುದೇಕೆ?

ಬೆಳಗಾವಿ ಕಡೆಯ ಮದುವೆಗಳಲ್ಲಿ ಅಕ್ಕಿಕಾಳು ಬೀಳುವುದು ಹೆಚ್ಚಾಗಿ ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ. ಅದಾದ ಕೂಡಲೇ ಊಟದ ಪಂಕ್ತಿ ಒಂದು ಕಡೆ, ಫೋಟೊಗ್ರಾಫರ್ ಇನ್ನೊಂದು ಕಡೆ. ‘ಅಕ್ಕಾರ, ಅಣ್ಣಾರ, ಐದೇ ನಿಮಿಷ ಹೊರಗ ಬರ್ರಿ’ ಎಂದು ಮದುಮಕ್ಕಳನ್ನು ಮಂಗಲ ಕಾರ್ಯಾಲಯದ ಅಂಗಳಕ್ಕೆ ಕರೆದೊಯ್ಯುತ್ತಾರೆ. ವಾರದ ನಂತರ ಆಲ್ಬಮ್ ಕೈಗೆ ಬಂದಾಗ ಮನೆಯಲ್ಲಿ ಕೇಳುವ ಮಾತು ಒಂದೇ: ‘ಮುಖಾ ಕರ್ರಗ ಬಂದೈತಿ.’

ತಪ್ಪು ಯಾರದೆಂದು ಹುಡುಕುವಾಗ ಬೆರಳು ಮೊದಲು ತಿರುಗುವುದು ಮದುಮಗಳ ಕಡೆಗೆ. ಅರಿಷಿಣದ ದಿನ ಬಿಸಿಲಲ್ಲಿ ಓಡಾಡಿದಳು, ಮೇಕಪ್ ಸಾಲಲಿಲ್ಲ, ಬಣ್ಣವೇ ಹಾಗಿದೆ ಎಂದೆಲ್ಲ ಹೇಳುತ್ತಾರೆ. ಆದರೆ ಈ ಫೋಟೊಗಳಲ್ಲಿ ಮುಖ ಕಪ್ಪಾಗುವುದಕ್ಕೂ ಚರ್ಮದ ಬಣ್ಣಕ್ಕೂ ಸಂಬಂಧ ತೀರಾ ಕಡಿಮೆ. ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ, ಕ್ಯಾಮೆರಾ ಅದನ್ನು ಹೇಗೆ ಅಳೆಯುತ್ತಿದೆ ಎಂಬುದೇ ಇಲ್ಲಿ ಮುಖ್ಯ. ಎರಡನ್ನೂ ಸರಿಪಡಿಸಲು ಹೆಚ್ಚು ಖರ್ಚಿಲ್ಲ.

ಬೆಳಗಾವಿಯಲ್ಲಿ ನಡುಹಗಲು ಎಂದರೆ ಎಷ್ಟು ಗಂಟೆ?

ಹನ್ನೆರಡು ಗಂಟೆ ಅಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಳಗಾವಿ ಇರುವುದು ಸುಮಾರು 74.5 ಡಿಗ್ರಿಯಲ್ಲಿ. ಪ್ರತಿ ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ಸುಮಾರು 32 ನಿಮಿಷ ತಡ. ಭೂಮಿಯ ಕಕ್ಷೆ ಮತ್ತು ಓರೆಯ ಕಾರಣದಿಂದ ಇನ್ನಷ್ಟು ಹೆಚ್ಚುಕಡಿಮೆಯಾಗಿ, ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತು ನವೆಂಬರ್ ಆರಂಭದಲ್ಲಿ 12:16ರ ಸುಮಾರಿಗಿದ್ದರೆ ಫೆಬ್ರುವರಿ ನಡುವಿನಲ್ಲಿ 12:46ರ ಸುಮಾರಿಗೆ ಇರುತ್ತದೆ.

ಮದುವೆ ಪತ್ರಿಕೆಗಳಲ್ಲಿ ಕಾಣುವ ಅಭಿಜಿತ್ ಮುಹೂರ್ತ ಹಗಲಿನ ಹದಿನೈದು ಭಾಗಗಳಲ್ಲಿ ಎಂಟನೆಯದು, ಅಂದರೆ ಸರಿಯಾಗಿ ಈ ನಡುಹಗಲನ್ನು ಮಧ್ಯದಲ್ಲಿಟ್ಟುಕೊಂಡ ಸುಮಾರು 48 ನಿಮಿಷ. ಪಂಚಾಂಗದವರು ಆರಿಸಿದ ಹೊತ್ತೇ ಫೋಟೊಗ್ರಾಫರ್‌ಗೆ ಅತಿ ಕಷ್ಟದ ಹೊತ್ತು! ಮುಹೂರ್ತ ಬದಲಿಸಿ ಎಂದು ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ.

ತಿಂಗಳು ಯಾವುದು ಎಂಬುದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ. ಮೇ 3–4 ಮತ್ತು ಆಗಸ್ಟ್ 8–9ರ ಸುಮಾರಿಗೆ ಬೆಳಗಾವಿಯಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕೋಲಿನ ನೆರಳು ಕ್ಷಣಕಾಲ ಬುಡದಲ್ಲೇ ಅಡಗುತ್ತದೆ. ಆಗಸ್ಟ್‌ನಲ್ಲಿ ಮಳೆಮೋಡ ಕಾಪಾಡುತ್ತದೆ, ಮೇ ತಿಂಗಳಲ್ಲಿ ಆ ಅನುಕೂಲವಿಲ್ಲ. ಡಿಸೆಂಬರ್ ಕೊನೆಯಲ್ಲಾದರೆ ಸೂರ್ಯ ಸುಮಾರು 51 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ ಎಂದರ್ಥ. ಮೇ ಮೊದಲ ವಾರದಲ್ಲಿ ಈ ಗಿಡ್ಡ ನೆರಳಿನ ಅವಧಿ ಬೆಳಿಗ್ಗೆ 9:20ರಿಂದ ಮಧ್ಯಾಹ್ನ 3:35ರವರೆಗೆ, ಆರು ಗಂಟೆಗೂ ಹೆಚ್ಚು. ಡಿಸೆಂಬರ್ ಕೊನೆಗೆ ಅದು 11ರಿಂದ 2ರವರೆಗೆ ಮಾತ್ರ. ತುಳಸಿ ಲಗ್ನದ ನಂತರದ ಮದುವೆಗೂ ಬೇಸಿಗೆಯ ಮದುವೆಗೂ ಫೋಟೊ ಯೋಜನೆ ಒಂದೇ ಆಗಿರಲು ಸಾಧ್ಯವಿಲ್ಲ.

ಬಿಸಿಲು ‘ಗಡುಸು’ ಎನ್ನುವುದೇಕೆ?

ಸೂರ್ಯ ಎಷ್ಟೇ ದೊಡ್ಡದಾಗಿದ್ದರೂ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು. ಎರಡೂವರೆ ಮೀಟರ್ ದೂರದಲ್ಲಿ ಹಿಡಿದ ಒಂದು ರೂಪಾಯಿ ನಾಣ್ಯದಷ್ಟು ಎನ್ನಬಹುದು. ಬೆಳಕಿನ ಮೂಲ ಚಿಕ್ಕದಾಗಿ ಕಂಡಷ್ಟೂ ನೆರಳಿನ ಅಂಚು ಚೂರಿಯಿಂದ ಕತ್ತರಿಸಿದಂತೆ ಇರುತ್ತದೆ. ಇಂಥ ದೀಪ ನೆತ್ತಿಯ ಮೇಲಿದ್ದಾಗ ಹಣೆ, ಮೂಗಿನ ತುದಿ, ಕೆನ್ನೆಯ ಮೇಲ್ಭಾಗ ಹೊಳೆಯುತ್ತವೆ. ಕಣ್ಣಿನ ಗುಳಿ, ಮೂಗಿನ ಕೆಳಗೆ, ಗದ್ದದ ಕೆಳಗೆ ಕತ್ತಲು. ಮೊಡವೆಯ ಸಣ್ಣ ಗುರುತೂ ತನ್ನದೇ ನೆರಳು ಬೀಳಿಸಿ ದೊಡ್ಡದಾಗುತ್ತದೆ.

ನೇರ ಬಿಸಿಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್. ಪಕ್ಕದಲ್ಲೇ, ಗೋಡೆಯ ಮರೆಯ ತೆರೆದ ನೆರಳಿನಲ್ಲಿ 10ರಿಂದ 20 ಸಾವಿರ. ನಮ್ಮ ಕಣ್ಣು ಎರಡರ ನಡುವೆ ಸರಾಗವಾಗಿ ಓಡಾಡುತ್ತದೆ. ಮಿದುಳು ಮುಖವನ್ನು ಮುಖವಾಗಿಯೇ ಓದಿಕೊಳ್ಳುತ್ತದೆ. ಕ್ಯಾಮೆರಾ ಇಡೀ ಚೌಕಟ್ಟಿಗೆ ಒಂದೇ ಅಳತೆ ಆರಿಸಬೇಕು. ಹಣೆಗೆ ಹೊಂದಿಸಿದರೆ ಕಣ್ಣು ಕಾಣದು, ಕಣ್ಣಿಗೆ ಹೊಂದಿಸಿದರೆ ಹಣೆ ಬಿಳಿ ಸುಣ್ಣವಾಗುತ್ತದೆ.

ಇನ್ನೊಂದು ತೊಡಕು ಅಳತೆಯ ರೀತಿಯಲ್ಲಿದೆ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಎದುರಿಗಿರುವುದು ಏನೆಂದು ಗೊತ್ತಿಲ್ಲ. ನೋಟದ ಸರಾಸರಿಯನ್ನು ಅದು ಒಂದು ನಡುಬೂದು ಬಣ್ಣಕ್ಕೆ, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತ ಮರಳಿಸುವ ಬೂದಿಗೆ, ತರಲು ನೋಡುತ್ತದೆ. ಮದುಮಗ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ. ಹಿಂದೆ ಸುಣ್ಣ ಬಳಿದ ಗೋಡೆ ಅಥವಾ ಬರಿ ಆಕಾಶ. ಮದುಮಗಳ ಶಹಾಪುರ ಸೀರೆಯ ಜರಿ ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿದೆ. ‘ಬೆಳಕು ವಿಪರೀತ’ ಎಂದುಕೊಂಡ ಕ್ಯಾಮೆರಾ ಎಲ್ಲವನ್ನೂ ತಗ್ಗಿಸುತ್ತದೆ. ಬಿಳಿ ಬಟ್ಟೆ ಬೂದಾದಾಗ ಮುಖ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಕಪ್ಪಾಗುತ್ತದೆ. ಅದೇ ಜೋಡಿ ಅದೇ ಜಾಗದಲ್ಲಿ ಗಾಢ ಹಸಿರು ಗಿಡದ ಮುಂದೆ ನಿಂತರೆ ಅದೇ ಕ್ಯಾಮೆರಾ ಅವರನ್ನು ಬೆಳ್ಳಗೆ ತೋರಿಸುತ್ತದೆ. ಎರಡು ನಿಮಿಷದಲ್ಲಿ ಯಾರ ಬಣ್ಣವೂ ಬದಲಾಗುವುದಿಲ್ಲವಲ್ಲ!

ಇಬ್ಬರಿದ್ದಾಗ ಕಷ್ಟ ದುಪ್ಪಟ್ಟು

ಒಬ್ಬರ ಫೋಟೊದಲ್ಲಿ ಮುಖವನ್ನು ಬೆಳಕಿನತ್ತ ತಿರುಗಿಸಿದರೆ ಮುಗಿಯಿತು. ಜೋಡಿಯಲ್ಲಿ ಎತ್ತರದವರ ನೆರಳು ಗಿಡ್ಡಗಿರುವವರ ಮುಖದ ಮೇಲೆ ಬೀಳುತ್ತದೆ. ಫೇಟಾ ಅಥವಾ ಬಾಸಿಂಗ ಇದ್ದರೆ ಅದರ ನೆರಳು ಕಟ್ಟಿಕೊಂಡವರ ಹಣೆಯನ್ನೇ ನುಂಗುತ್ತದೆ. ಪರಸ್ಪರ ಮುಖ ನೋಡಿಕೊಂಡು ನಿಲ್ಲಿಸುವ ಭಂಗಿಯಂತೂ ನೇರ ಬಿಸಿಲಿಗೆ ಹೇಳಿಸಿದ್ದಲ್ಲ: ಸೂರ್ಯ ಸ್ವಲ್ಪ ಓರೆಯಿದ್ದರೂ ಒಬ್ಬರ ಮುಖ ಉರಿಯುತ್ತದೆ, ಇನ್ನೊಬ್ಬರದು ಕತ್ತಲಲ್ಲಿರುತ್ತದೆ. ಆಮೇಲೆ ನೋಡಿದವರು ‘ಜೋಡಿ ಬಣ್ಣಕ್ಕ ಹೊಂದಲಿಲ್ಲ’ ಎನ್ನುತ್ತಾರೆ. ಹೊಂದದೇ ಇರುವುದು ಬೆಳಕು.

ಇಬ್ಬರ ಮೈಬಣ್ಣದಲ್ಲಿ ನಿಜವಾಗಿಯೇ ವ್ಯತ್ಯಾಸ ಇದ್ದರೂ ಅದು ಕ್ಯಾಮೆರಾದ ಹಿಡಿತಕ್ಕೆ ಸಿಗುವಷ್ಟೇ ಇರುತ್ತದೆ. ಬಿಸಿಲು ಮತ್ತು ನೆರಳಿನ ನಡುವಿನ ಐದು-ಹತ್ತು ಪಟ್ಟಿನ ಅಂತರದ ಮುಂದೆ ಅದು ಸಣ್ಣದು. ಇಬ್ಬರನ್ನೂ ಒಂದೇ ಮೆದು ಬೆಳಕಿನಲ್ಲಿ ನಿಲ್ಲಿಸಿ, ಮುಖಕ್ಕೆ ಅಳತೆ ಹೊಂದಿಸಿದರೆ ಇಬ್ಬರೂ ತಮ್ಮ ತಮ್ಮ ಬಣ್ಣದಲ್ಲೇ ಚೆನ್ನಾಗಿ ಬರುತ್ತಾರೆ. ಹಾಗೆ ಮಾಡದೆ ಎಡಿಟಿಂಗ್‌ನಲ್ಲಿ ಮದುಮಗಳನ್ನು ಬೆಳ್ಳಗೆ ಮಾಡಿ ಕೈಯ ಬಣ್ಣ ಹಾಗೇ ಬಿಟ್ಟ ಆಲ್ಬಮ್‌ಗಳನ್ನು ಎಲ್ಲರೂ ನೋಡಿರುತ್ತೇವೆ. ನನ್ನ ಮಟ್ಟಿಗೆ ಅದು ತಾಂತ್ರಿಕ ದೋಷಕ್ಕಿಂತ ಕೆಟ್ಟದ್ದು. ಬೆಳಕಿನ ತಪ್ಪನ್ನು ಹುಡುಗಿಯ ಮುಖದ ಮೇಲೆ ಹೊರಿಸಿದಂತೆ.

ಕ್ಯಾಮೆರಾಗಳೂ ಇಲ್ಲಿ ಪೂರ್ತಿ ನಿರ್ದೋಷಿಗಳಲ್ಲ. ಕಲರ್ ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಚರ್ಮದ ಹೆಣ್ಣುಮಕ್ಕಳ ಚಿತ್ರ. ಮೊಬೈಲ್ ಕಾಲದಲ್ಲೂ ಆ ಜಾಡು ಉಳಿದಿತ್ತು. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ‘ರಿಯಲ್ ಟೋನ್’ ಎಂಬ ತಿದ್ದುಪಡಿ ತಂದಿತು. 2022ರಲ್ಲಿ ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ಅವರು ರೂಪಿಸಿದ ಹತ್ತು ಛಾಯೆಗಳ ಚರ್ಮವರ್ಣ ಮಾಪಕವನ್ನು ಬಳಕೆಗೆ ತೆಗೆದುಕೊಂಡಿತು.

‘ಸೂರ್ಯನಿಗೆ ಮುಖ ಮಾಡಿ ನಿಲ್ಲಿ’ ಎಂಬ ಮಾತು ನಿಜವೇ?

ಹಳೆಯ ಬಾಕ್ಸ್ ಕ್ಯಾಮೆರಾ ಕಾಲಕ್ಕೆ ನಿಜ. ಆಗಿನ ಫಿಲ್ಮ್‌ಗೆ ಬೆಳಕಿನ ಹಸಿವು ಹೆಚ್ಚು, ಅಗ್ಗದ ಲೆನ್ಸ್ ಒಳಕ್ಕೆ ಬಿಡುವ ಬೆಳಕು ಕಡಿಮೆ. ಹಾಗಾಗಿ ಫೋಟೊ ತೆಗೆಯುವವರ ಬೆನ್ನಿಗೆ ಸೂರ್ಯ ಇರಲಿ ಎಂಬ ಸಲಹೆ ಹುಟ್ಟಿತು. ಸಲಹೆ ಉಳಿಯಿತು, ಕಾರಣ ಹೋಯಿತು. ಇವತ್ತು ಹಾಗೆ ನಿಲ್ಲಿಸಿದರೆ ಇಬ್ಬರೂ ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ ನಿಲ್ಲುತ್ತಾರೆ. ಅದು ಮೊಂಡುತನವಲ್ಲ, ಕಣ್ಣಿನ ಸಹಜ ಪ್ರತಿಕ್ರಿಯೆ, ಹೆದರಿಸಿದರೆ ನಿಲ್ಲುವಂಥದ್ದಲ್ಲ. ಬಿಸಿಲು ಕಂಡೊಡನೆ ಸೀನು ಬರುವವರೂ ಇದ್ದಾರೆ.

ಅದರ ಬದಲು ಜೋಡಿಯ ಬೆನ್ನು ಸೂರ್ಯನಿಗೆ ಇರಲಿ. ಇಬ್ಬರ ಮುಖವೂ ಸಮನಾದ ನೆರಳಿಗೆ ಬರುತ್ತದೆ, ಕೂದಲಿಗೆ, ದಂಡೆಯ ಹೂವಿಗೆ ಬೆಳಕಿನ ಅಂಚು ಸಿಗುತ್ತದೆ. ಮೊಬೈಲ್ ಆದರೆ ಪರದೆಯ ಮೇಲೆ ಮುಖವನ್ನು ಒತ್ತಿ ಬೆಳಕು ಸರಿಮಾಡಿ. ದೊಡ್ಡ ಕ್ಯಾಮೆರಾದಲ್ಲಿ ಸ್ಪಾಟ್ ಮೀಟರಿಂಗ್ ಇಟ್ಟು ಮುಖದಿಂದ ಅಳೆಯಿರಿ. ಹಿಂದಿನ ಆಕಾಶ ಬಿಳುಚಿಕೊಳ್ಳುತ್ತದೆ, ಬಿಳುಚಿಕೊಳ್ಳಲಿ. ಸೂರ್ಯ ಪೂರ್ತಿ ನೆತ್ತಿಯ ಮೇಲಿದ್ದರೆ ಮಾತ್ರ ಈ ಉಪಾಯ ನಡೆಯದು, ಯಾವ ಕಡೆ ತಿರುಗಿದರೂ ಬೆನ್ನಿಗೆ ಸೂರ್ಯ ಸಿಗುವುದಿಲ್ಲ. ಆಗ ನೆರಳೇ ಗತಿ.

ಯಾವ ನೆರಳು?

ಎಲ್ಲ ನೆರಳೂ ಒಂದೇ ಅಲ್ಲ. ರವಿವಾರ ಪೇಟೆಯಂಥ ಹಳೆಯ ಮಾರುಕಟ್ಟೆಯ ಓಣಿಯನ್ನು ಯಾರೂ ಸ್ಟುಡಿಯೊ ಎಂದುಕೊಳ್ಳುವುದಿಲ್ಲ. ಆದರೆ ಎರಡೂ ಕಡೆ ಎತ್ತರದ ಕಟ್ಟಡಗಳ ನಡುವಿನ ರಸ್ತೆಯಲ್ಲಿ ಸೂರ್ಯ ಸ್ವಲ್ಪ ಓರೆಯಾದರೂ ಒಂದು ಬದಿ ನೆರಳು, ಎದುರು ಬದಿಯ ಗೋಡೆ ಬಿಸಿಲಲ್ಲಿ. ಆ ಬಿಸಿಲುಗೋಡೆಯೇ ದೊಡ್ಡ ದೀಪ. ನೆರಳಿನ ಅಂಚಿನಿಂದ ಒಂದು ಹೆಜ್ಜೆ ಒಳಗೆ ನಿಂತು ಆ ಗೋಡೆಗೆ ಮುಖ ಮಾಡಿದರೆ ಬೆಳಕು ಪಕ್ಕದಿಂದ, ಮೆತ್ತಗೆ, ಕಣ್ಣಿನೊಳಕ್ಕೆ ಬರುತ್ತದೆ. ಗೋಡೆ ಬಿಳಿ ಅಥವಾ ಕೆನೆ ಬಣ್ಣದ್ದಿರಬೇಕು. ಹಸಿರು ಗೋಡೆ ಮುಖವನ್ನೂ ಹಸಿರು ಮಾಡುತ್ತದೆ. ಅಂಗಡಿ ಮುಂದಿನ ನೀಲಿ ತಾಡಪತ್ರಿಯ ಕೆಳಗೆ ನಿಂತರಂತೂ ಇಬ್ಬರೂ ಜ್ವರ ಬಂದವರಂತೆ ಕಾಣುತ್ತಾರೆ. ಕೆಂಪು-ಹಳದಿ ಶಾಮಿಯಾನದ ಕಥೆಯೂ ಅದೇ. ಸರಕು ಗಾಡಿಗಳ ಓಡಾಟ ಇಲ್ಲದ ಹೊತ್ತು ನೋಡಿಕೊಂಡು ಹೋಗಬೇಕು ಎಂಬುದು ಬೇರೆ ಮಾತು.

ಕೋಟೆಯೊಳಗಿನ ಕಮಲ ಬಸದಿ 1204ರದ್ದು. ಅಂಥ ಕಲ್ಲಿನ ಮಂಟಪದ ಅಂಚಿನಲ್ಲಿ, ಕಂಬಗಳ ಒಳಸಾಲಿನಲ್ಲಿ, ಮುಖ ಹೊರಗೆ ಮಾಡಿ ನಿಂತರೆ ಮೇಲಿನಿಂದ ಬರುವ ಬೆಳಕನ್ನು ಚಾವಣಿ ತಡೆಯುತ್ತದೆ, ಅಂಗಳದ ಬೆಳಕು ಮುಂದಿನಿಂದ ಬರುತ್ತದೆ. ಖಾನಾಪುರ ತಾಲ್ಲೂಕಿನ ಹಲಸಿಯ ಭೂವರಾಹ ನರಸಿಂಹ ದೇವಸ್ಥಾನದಲ್ಲೂ ಇದೇ ಲೆಕ್ಕ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಒಯ್ಯುವ ಮೊದಲು ಅನುಮತಿ ಕೇಳಿಕೊಳ್ಳಿ. ರಾಜಹಂಸಗಡದಂಥ ಬೋಳು ಗುಡ್ಡಕ್ಕೆ ಮೇ ತಿಂಗಳ ಮಧ್ಯಾಹ್ನ ಹೋಗುವ ಆಸೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಆಗ ಸೂರ್ಯ ಮುಳುಗುವುದು ಸಂಜೆ 6:50ರ ಸುಮಾರಿಗೆ, ಐದೂವರೆಗೆ ಹತ್ತಿದರೂ ಸಾಕಷ್ಟು ಹೊತ್ತು ಸಿಗುತ್ತದೆ.

ಖಾನಾಪುರದ ಕಾಡುದಾರಿಯ ಮರದ ನೆರಳು ಕಣ್ಣಿಗೆ ತಂಪು, ಕ್ಯಾಮೆರಾಕ್ಕೆ ಕಂಟಕ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬಿಳಿ ಮಚ್ಚೆಗಳಾಗುತ್ತವೆ. ಯಾವ ಎಡಿಟಿಂಗ್‌ಗೂ ಅವು ಸುಲಭಕ್ಕೆ ಬಗ್ಗುವುದಿಲ್ಲ. ದಟ್ಟ ಮಾವು, ಹಲಸಿನ ಮರ ಆರಿಸಿ, ನೆರಳಿನ ಅಂಚಿಗೆ ಬನ್ನಿ. ಅಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಬಿಸಿಲು ಬಿದ್ದರೆ ಕೆಳಗಿನಿಂದ ಬೆಚ್ಚನೆಯ ಬೆಳಕು ಎದ್ದು ಗದ್ದದ ನೆರಳನ್ನು ತುಂಬುತ್ತದೆ. ಹಸಿರು ಹುಲ್ಲಾದರೆ ಅದೇ ಜಾಗ ಹಸಿರಾಗುತ್ತದೆ.

ಪಂಚೆ, ಥರ್ಮಾಕೋಲ್, ಫ್ಲ್ಯಾಶ್

ನೆರಳೇ ಇಲ್ಲದ ಕಡೆ ನೆರಳು ಮಾಡಿಕೊಳ್ಳಬಹುದು. ತೆಳು ಬಿಳಿ ಪಂಚೆಯನ್ನು ಇಬ್ಬರು ನಾಲ್ಕು ಮೂಲೆ ಹಿಡಿದು ಜೋಡಿಯ ತಲೆಯ ಮೇಲೆ ಬಿಗಿದು ನಿಲ್ಲಲಿ. ಅಂತರಪಟವನ್ನು ಅಡ್ಡ ಹಿಡಿಯುವ ಬದಲು ಮೇಲೆ ಹಿಡಿದಂತೆ. ಎರಡು ಮೀಟರ್ ಉದ್ದದ ಬಟ್ಟೆ ಒಂದು ಮೀಟರ್ ಎತ್ತರದಲ್ಲಿದ್ದರೆ ಅರ್ಧ ಡಿಗ್ರಿಯ ಸೂರ್ಯ 90 ಡಿಗ್ರಿಯಷ್ಟು ಅಗಲದ ದೀಪವಾಗುತ್ತಾನೆ, ನೆರಳಿನ ಅಂಚು ಕರಗುತ್ತದೆ. ಬಟ್ಟೆ ಮೇಲೆ ಮೇಲೆ ಹೋದಷ್ಟೂ ಪರಿಣಾಮ ಕಡಿಮೆ.

ಸೊಂಟದ ಮಟ್ಟದಲ್ಲಿ ಬಿಳಿ ಥರ್ಮಾಕೋಲ್ ಹಾಳೆ ಹಿಡಿದರೆ ಕಣ್ಣಿನ ಗುಳಿಗೆ ಬೆಳಕು ಹೋಗುತ್ತದೆ. ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಇನ್ನೂ ಜೋರು, ಆದರೆ ಹತ್ತಿರ ಹಿಡಿದರೆ ಕಣ್ಣು ಬಿಡಲಾಗದು. ‘ಬಿಸಿಲಲ್ಲಿ ಫ್ಲ್ಯಾಶ್ ಏಕೆ?’ ಎಂದು ನಗುವವರಿದ್ದಾರೆ. ಫ್ಲ್ಯಾಶ್ ನಿಜವಾಗಿ ಬೇಕಾಗುವುದು ಇಲ್ಲಿಯೇ, ನೆರಳು ತುಂಬಲು. ದೂರ ದುಪ್ಪಟ್ಟಾದರೆ ಅದರ ಬೆಳಕು ನಾಲ್ಕರಲ್ಲೊಂದಾಗುತ್ತದೆ, ಆದ್ದರಿಂದ ಜೋಡಿಯಿಂದ ಹತ್ತು ಹೆಜ್ಜೆ ದೂರ ನಿಂತು ಸಣ್ಣ ಫ್ಲ್ಯಾಶ್ ಹೊಡೆದು ಫಲವಿಲ್ಲ. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ಅಥವಾ ಪೌಡರ್ ದಪ್ಪಗೆ ಹಚ್ಚಿದ್ದರೆ ನೇರ ಫ್ಲ್ಯಾಶ್‌ಗೆ ಮುಖ ಬೂದಿ ಬಳಿದಂತೆ ಬರಬಹುದು.

ಮೊಬೈಲಿನ ಎಚ್‌ಡಿಆರ್ ಎಲ್ಲವನ್ನೂ ಸರಿಮಾಡುತ್ತದೆ ಎಂಬ ನಂಬಿಕೆ ಅರ್ಧ ಸರಿ. ಅದು ಹಲವು ಚಿತ್ರ ಸೇರಿಸಿ ಕತ್ತಲನ್ನು ಎತ್ತುತ್ತದೆ, ಹೊಳಪನ್ನು ತಗ್ಗಿಸುತ್ತದೆ. ಮೂಗಿನ ನೆರಳು ತುಟಿಯ ಮೇಲೆ ಬಿದ್ದಿದ್ದರೆ ಅದನ್ನು ಅಲ್ಲಿಂದ ಎತ್ತಿ ಬೇರೆಡೆ ಇಡಲಾರದು.

ಕಣ್ಣು ಮತ್ತು ಮೈ

ಬಿಸಿಲಿಗೆ ಮುಖ ಮಾಡಲೇಬೇಕಾದರೆ ಇಬ್ಬರಿಗೂ ಕಣ್ಣು ಮುಚ್ಚಿ ತಲೆ ತುಸು ಬಗ್ಗಿಸಲು ಹೇಳಿ, ಮೂರು ಎಣಿಸಿದ ಮೇಲೆ ತೆರೆಯಲಿ. ಒಂದೆರಡು ಕ್ಷಣ ಸಿಗುತ್ತದೆ, ಅಷ್ಟರಲ್ಲಿ ಕ್ಲಿಕ್ಕಿಸಿ. ನೆರಳು ಗಿಡ್ಡವಾಗಿರುವ ಹೊತ್ತಿನಲ್ಲೇ ಅತಿನೇರಳೆ ಕಿರಣಗಳ ಹೊಡೆತವೂ ಜಾಸ್ತಿ. ರೇಷ್ಮೆ ಸೀರೆ, ಒಡವೆ, ಬೆಳಗಿನಿಂದ ಉಪವಾಸ ಇರುವ ಮದುಮಗಳನ್ನು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸುವುದು ಫೋಟೊಗಿಂತ ದೊಡ್ಡ ವಿಷಯ. ತಲೆ ಸುತ್ತು, ಓಕರಿಕೆ, ಮಾತಿನಲ್ಲಿ ಗೊಂದಲ ಕಂಡರೆ ಕ್ಯಾಮೆರಾ ಇಳಿಸಿ ನೆರಳಿಗೆ ಕರೆದೊಯ್ದು ಬಟ್ಟೆ ಸಡಿಲಿಸಿ, ಮೈ ತಂಪು ಮಾಡಿ. ಎಚ್ಚರವಿದ್ದರೆ ನೀರು ಕೊಡಿ. ಮಾತಿನಲ್ಲಿ ಗೊಂದಲ ಕಂಡಿದ್ದರೆ ಅದು ಹೋಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಫೋಟೊಗ್ರಾಫರ್‌ಗೂ ಒಂದು ಅಪಾಯವಿದೆ. ಜೋಡಿಯ ತಲೆಗಳ ನಡುವೆ ಸೂರ್ಯನನ್ನು ಕೂರಿಸುವ ಚಿತ್ರ ಈಗ ಎಲ್ಲರಿಗೂ ಬೇಕು. ಡಿಎಸ್‌ಎಲ್‌ಆರ್‌ನ ಗಾಜಿನ ಕಿಂಡಿಯಿಂದ, ಅದರಲ್ಲೂ ಉದ್ದ ಲೆನ್ಸ್ ಹಾಕಿ, ಮೇಲಿರುವ ಸೂರ್ಯನನ್ನು ನೋಡಿದರೆ ಅಕ್ಷಿಪಟಲ ಸುಟ್ಟುಹೋಗಬಹುದು. ಅಲ್ಲಿ ನೋವು ತಿಳಿಸುವ ನರಗಳಿಲ್ಲ, ಹಾಗಾಗಿ ಸುಡುವಾಗ ಗೊತ್ತಾಗುವುದಿಲ್ಲ. ಕಿಂಡಿ ಬಿಟ್ಟು ಹಿಂದಿನ ಪರದೆಯಲ್ಲಿ ನೋಡಿ, ಅಗಲ ಲೆನ್ಸ್ ಬಳಸಿ, ಕ್ಲಿಕ್ಕಿಸಿದ ಕೂಡಲೇ ಲೆನ್ಸನ್ನು ಸೂರ್ಯನಿಂದ ಆಚೆ ತಿರುಗಿಸಿ. ತೆರೆದಿಟ್ಟ ಸೆನ್ಸರ್‌ಗೂ ಅದೇ ಬಿಸಿ ತಟ್ಟುತ್ತದೆ.