ಕಲ್ಲಿನ ಕೆಲಸ, ಚರ್ಮದ ಕೆಲಸ: ಕ್ಷೌರದ ಕತ್ತಿ ಮತ್ತು ಗಡಿನಾಡಿನ ಮಾತು

ಕ್ಷೌರದ ಕತ್ತಿಯನ್ನು ಹರಿತಗೊಳಿಸುವ ಕ್ರಿಯೆಗೆ ಗಡಿನಾಡಿನಲ್ಲಿ ಬಳಕೆಯಾದ ಮಾತುಗಳನ್ನು ಕುರಿತದ್ದು ಈ ಪ್ರಬಂಧ. ವಿಷಯ ಬಹಳ ಸಣ್ಣದೆಂದು ಕೆಲವರಿಗೆ ಅನ್ನಿಸೀತು. ಆದರೆ ಒಂದು ಕಸಬಿನ ಒಳಗಿನ ವಿವೇಕ ಉಳಿಯುವುದು ಅದರ ಮಾತಿನಲ್ಲಿಯೇ. ಮಾತು ಹೋದರೆ ವಿವೇಕವೂ ಹೋಯಿತು ಅಂತಲೇ ತಿಳಿಯಬೇಕು. ನಾನು ಹೇಳಬೇಕಾದದ್ದು ಇಷ್ಟೆ: ಕತ್ತಿಗೆ ಧಾರೆ ಬರಿಸುವುದು ಒಂದು ಕ್ರಿಯೆ, ಬಂದ ಧಾರೆಯನ್ನು ಹದಕ್ಕೆ ತರುವುದು ಇನ್ನೊಂದು ಕ್ರಿಯೆ. ಈ ಭೇದವನ್ನು ನಮ್ಮ ಶಾಸ್ತ್ರಕಾರರು ಬಲ್ಲವರಾಗಿದ್ದರು, ನಮ್ಮ ಅಕ್ಕಲಕೋಟೆ–ಸೊಲ್ಲಾಪುರದ ಕಡೆಯ ಕಸಬುದಾರರೂ ಬಲ್ಲರು.

ಮೊದಲು ಶಾಸ್ತ್ರದ ಮಾತು. ಕ್ಷೌರದ ಕತ್ತಿಗೆ ಸಂಸ್ಕೃತದಲ್ಲಿ ‘ಕ್ಷುರ’ ಎಂದು ಹೆಸರು. ಗ್ರೀಕ್ ಭಾಷೆಯ ‘ಕ್ಸುರೋನ್’ ಇದರ ಸೋದರ ಶಬ್ದ. ಕಠೋಪನಿಷತ್ತು ಆತ್ಮಜ್ಞಾನದ ದಾರಿಯನ್ನು ಮಸೆದ ಕ್ಷುರದ ಧಾರೆಗೆ ಹೋಲಿಸಿದ್ದು ಎಲ್ಲರಿಗೂ ಗೊತ್ತಿದೆ. ಅಲ್ಲಿ ಧಾರೆಗೆ ಕೊಟ್ಟ ವಿಶೇಷಣ ‘ನಿಶಿತ’. ಇದರ ಧಾತು ‘ಶೋ’. ಧಾತುಪಾಠದ ಪ್ರಕಾರ ಅದಕ್ಕೆ ತೆಳುವಾಗಿಸುವುದು ಎಂದು ಅರ್ಥ. ಅಂದರೆ ಹರಿತವೆಂಬುದು ಕತ್ತಿಗೆ ಹೊರಗಿನಿಂದ ಕೂಡಿಸುವ ಗುಣವಲ್ಲ. ಇದ್ದ ಲೋಹವನ್ನು ತೇದು ತೇದು ತೆಳುವಾಗಿಸಿದಾಗ ಉಳಿಯುವಂಥದು. ಸಾಣೆಗೆ ಮೂಲವಾದ ‘ಶಾಣ’ ಶಬ್ದವೂ ಇದೇ ಧಾತುವಿನ ಸಂಬಂಧದ್ದೆಂದು ಹೇಳುತ್ತಾರೆ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 8ನೆಯ ಅಧ್ಯಾಯ ಶಸ್ತ್ರಗಳನ್ನು ಕುರಿತದ್ದು. ಕತ್ತರಿಸುವ ಶಸ್ತ್ರದ ಧಾರೆ ಅರ್ಧ ಕೂದಲಿನಷ್ಟು ತೆಳುವಾಗಿರಬೇಕೆಂದು ಅಲ್ಲಿ ಹೇಳಿದೆ. ಶಸ್ತ್ರ ಸಿದ್ಧವಾಯಿತೆಂಬುದಕ್ಕೆ ಅದು ರೋಮವನ್ನು ಕತ್ತರಿಸಬೇಕು ಎಂಬುದೇ ಪರೀಕ್ಷೆ. ಆಮೇಲೆ ಆಚಾರ್ಯರು ಎರಡು ಸಾಧನಗಳನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಮಸೆಯುವುದಕ್ಕೆ, ಅಂದರೆ ‘ನಿಶಾನ’ಕ್ಕೆ, ಉದ್ದಿನ ಬಣ್ಣದ ನುಣುಪಾದ ಕಲ್ಲು. ಧಾರೆಯನ್ನು ನೆಲೆಗೊಳಿಸುವುದಕ್ಕೆ, ಅಂದರೆ ‘ಧಾರಾಸಂಸ್ಥಾಪನ’ಕ್ಕೆ, ಬೂರುಗದ ಮರದ ಹಲಗೆ. ಕಲ್ಲೊಂದೇ ಸಾಲದು, ಅದರ ಮೇಲೆ ಮೆತ್ತನೆಯ ವಸ್ತುವೊಂದು ಬೇಕು ಎಂಬುದು ಇಲ್ಲಿ ಸ್ಪಷ್ಟವಾಗಿದೆ. ಕ್ಷೌರಿಕನ ಚರ್ಮದ ಪಟ್ಟಿ ಮಾಡುವ ಕೆಲಸವೂ ಇದೇ.

ನೋವಿಲ್ಲದ ಕ್ಷೌರದ ಚಿಂತೆಯೂ ಹಳೆಯದೇ. ಅಥರ್ವವೇದದ 6ನೆಯ ಕಾಂಡದ 68ನೆಯ ಸೂಕ್ತದಲ್ಲಿ ಸವಿತೃ ಕ್ಷುರ ಹಿಡಿದು ಬರುತ್ತಾನೆ, ವಾಯು ಬಿಸಿನೀರು ತರುತ್ತಾನೆ. ಆಶ್ವಲಾಯನ ಗೃಹ್ಯಸೂತ್ರ ಚೌಲಕರ್ಮದಲ್ಲಿ ಬಿಸಿನೀರು ತಣ್ಣೀರು ಬೆರೆಸಲು ಹೇಳಿ, ಕ್ಷುರದ ಧಾರೆಯನ್ನು ಒರೆಸಿ, ಗಾಯ ಮಾಡದೆ ಕೆಲಸ ಮುಗಿಸೆಂದು ಕ್ಷೌರಿಕನಿಗೆ ಅಪ್ಪಣೆ ಕೊಡಿಸುತ್ತದೆ. ನೀರು ಮೊದಲು, ಕತ್ತಿ ಆಮೇಲೆ ಎಂಬ ಕ್ರಮ ಅಂದಿನಿಂದಲೂ ಹೀಗೇ ಇದೆ.

ಇನ್ನು ಗಡಿನಾಡಿಗೆ ಬರೋಣ. ಸೊಲ್ಲಾಪುರದಲ್ಲಿ ಕನ್ನಡ, ಮರಾಠಿ, ಉರ್ದು, ಪದ್ಮಶಾಲಿ ನೇಕಾರರ ತೆಲುಗು, ಇಷ್ಟೂ ಒಂದೇ ಓಣಿಯಲ್ಲಿ ಕೇಳುತ್ತವೆ. ಕನ್ನಡದವರಿಗೆ ಅದು ಕ್ಷೌರದ ಕತ್ತಿ, ಮರಾಠಿಯವರಿಗೆ ವಸ್ತರಾ, ಉರ್ದುವಿನಲ್ಲಿ ಉಸ್ತರಾ, ತೆಲುಗರಿಗೆ ಮಂಗಲಿ ಕತ್ತಿ. ಉಸ್ತರಾ ಪಾರಸಿಯದು, ವಸ್ತರಾ ಅದರದೇ ರೂಪ. ಕಸಬುದಾರನ ಹೆಸರಿನಲ್ಲಿಯೂ ಚರಿತ್ರೆಯಿದೆ. ‘ಹಜಾಮ’ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಕೆಟ್ಟ ರಕ್ತ ತೆಗೆಯುವ ವೈದ್ಯ. ಮರಾಠಿಯ ‘ನ್ಹಾವಿ’ ಸಂಸ್ಕೃತದ ‘ನಾಪಿತ’ದಿಂದ ಬಂದದ್ದು. ಕನ್ನಡದ ‘ಹಡಪದ’ ಎಂಬ ಹೆಸರು ಹಡಪವೆಂಬ ಚೀಲದಿಂದ ಬಂದು, 12ನೆಯ ಶತಮಾನದ ಶರಣ ಹಡಪದ ಅಪ್ಪಣ್ಣನವರನ್ನು ನೆನಪಿಸುತ್ತದೆ. ವೈದ್ಯ, ಶರಣ ಎಂಬ ನೆನಪುಗಳನ್ನು ಹೊತ್ತ ಹೆಸರುಗಳಿವು. ಇವುಗಳಲ್ಲಿ ಒಂದನ್ನು ನಮ್ಮ ಜನ ಬೈಗುಳವಾಗಿ ಬಳಸುತ್ತಾರಲ್ಲ, ಅದು ನಮ್ಮ ನಾಲಿಗೆಯ ದೋಷವೇ ಹೊರತು ಶಬ್ದದ ದೋಷವಲ್ಲ.

ಕ್ರಿಯಾಪದಗಳನ್ನು ನೋಡಿದರೆ ಗಡಿಯ ಗುಣ ಇನ್ನೂ ಚೆನ್ನಾಗಿ ಕಾಣುತ್ತದೆ. ಕನ್ನಡದ ‘ಸಾಣೆ ಹಿಡಿ’, ತಮಿಳಿನ ‘ಚಾಣೈ ಪಿಡಿ’, ತೆಲುಗಿನ ‘ಸಾನ ಪಟ್ಟು’, ಮೂರರಲ್ಲಿಯೂ ಇರುವುದು ಹಿಡಿಯುವ ಭಾವವೇ. ಆದ್ದರಿಂದ ಹೊಸೂರು–ತಾಳವಾಡಿಯ ಕನ್ನಡಿಗನಿಗೂ ಆದವಾನಿ–ರಾಯದುರ್ಗದ ಕನ್ನಡಿಗನಿಗೂ ಈ ಮಾತಿನಲ್ಲಿ ನೆರೆಯ ಭಾಷೆ ಪರಕೀಯ ಅನ್ನಿಸುವುದಿಲ್ಲ. ನಮ್ಮ ಕಡೆ ಮಾತ್ರ ಮರಾಠಿಯ ‘ಧಾರ ಲಾವಣೆ’ಗೆ ಸರಿಯಾಗಿ ‘ಧಾರ ಹಚ್ಚೋದು’ ಅಂತೀವಿ. ಮರಾಠಿಯಲ್ಲಿ ಮಸೆಗಲ್ಲಿಗೆ ‘ನಿಸಣಾ’ ಎಂಬ ಮಾತಿದೆ. ಸುಶ್ರುತರ ‘ನಿಶಾನ’ ಅಲ್ಲಿ ಇನ್ನೂ ಬದುಕಿದೆ. ಗಂಧ ತೇಯುವ ಕಲ್ಲಿಗೆ ಮರಾಠಿಯಲ್ಲಿ ‘ಸಹಾಣ’, ಮಲಯಾಳದಲ್ಲಿ ‘ಚಾಣ’, ಕನ್ನಡದಲ್ಲಿ ಸಾಣೆಕಲ್ಲು, ಎಲ್ಲವೂ ಶಾಣವೇ. ದೇವರ ಮನೆಯ ಕಲ್ಲಿಗೂ ಕ್ಷೌರಿಕನ ಕಲ್ಲಿಗೂ ಒಂದೇ ಹೆಸರು. ಮಡಿ ಮೈಲಿಗೆಯ ಲೆಕ್ಕವನ್ನು ಭಾಷೆ ಇಟ್ಟುಕೊಂಡಿಲ್ಲ.

‘ಹದ’ ಎಂಬುದು ಅಚ್ಚ ದ್ರಾವಿಡ ಶಬ್ದ. ತೆಲುಗಿನ ‘ಪದನು’ ಇದರ ಜ್ಞಾತಿ; ಅದಕ್ಕೆ ಕತ್ತಿಯ ಹರಿತವೆಂಬ ಅರ್ಥವೂ ಉಂಟು, ಉಳುಮೆಗೆ ಬಂದ ನೆಲದ ತೇವವೆಂಬ ಅರ್ಥವೂ ಉಂಟು. ಒಬ್ಬ ಹಿರಿಯ ಕಸಬುದಾರರನ್ನು ಈ ಮಾತುಗಳ ಬಗ್ಗೆ ವಿಚಾರಿಸಿದಾಗ ಅವರು ಮೊದಲು, “ಮಾಸ್ತರ್ರ, ಇದನ್ನೆಲ್ಲಾ ಬರಕೊಂಡು ಏನ್ ಮಾಡ್ತೀರಿ?” ಅಂದರು. ಒತ್ತಾಯ ಮಾಡಿದ ಮೇಲೆ ಹೇಳಿದ್ದು ಇದು: “ಧಾರ ಹಚ್ಚೋದು ಕಲ್ಲಿನ ಕೆಲಸರಿ, ಹದಕ್ಕ ತರೋದು ಚರ್ಮದ ಕೆಲಸ. ಕಲ್ಲಿನಿಂದ ಎದ್ದ ಕತ್ತಿ ಸೀದಾ ಗಲ್ಲಕ್ಕ ಇಟ್ರ ಉರಿತೈತಿ.” ಸುಶ್ರುತರ ಎರಡು ಮಾತುಗಳಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈ ಕೆಲಸದ ವಿವರವನ್ನು ಸ್ವಲ್ಪ ಹೇಳಬೇಕು. ಹಳೆಯ ಮಡಿಸುವ ಕತ್ತಿಗಳಲ್ಲಿ ಹೆಸರು ಮಾಡಿದವು ಇಂಗ್ಲೆಂಡಿನ ಶೆಫೀಲ್ಡಿನವು, ಜರ್ಮನಿಯ ಝೋಲಿಂಗೆನ್ನಿನವು. ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬವನು 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡ ಮೇಲೆ ಅಲ್ಲಿನ ಕತ್ತಿಗಳ ಗುಣ ಏರಿತು. ನಮ್ಮ ದಕ್ಷಿಣದಲ್ಲಿ ಮೂಸೆಯ ಉಕ್ಕು ಅದಕ್ಕಿಂತ ಬಹಳ ಹಿಂದಿನದು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದನ್ನು ‘ವೂಟ್ಸ್’ ಎಂಬ ಹೆಸರಿನಿಂದ ವರ್ಣಿಸಿದನು. ನಮ್ಮ ‘ಉಕ್ಕು’ ಶಬ್ದವೇ ಹಾಗೆ ರೂಪ ಬದಲಿಸಿತೆಂಬುದು ಹಲವು ವಿದ್ವಾಂಸರ ಮತ. ಲಂಡನ್ನಿನ ಶಸ್ತ್ರ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಮೆಚ್ಚಿದನು. ಅವನೂ ಮೈಕೇಲ್ ಫ್ಯಾರಡೆಯೂ ಕೂಡಿ ಮಾಡಿದ ಉಕ್ಕಿನ ಪ್ರಯೋಗಗಳು 1820ರಲ್ಲಿ ಮತ್ತು 1822ರಲ್ಲಿ ಪ್ರಕಟವಾದವು. ಆ ಪ್ರಯೋಗದ ಉಕ್ಕಿನಿಂದ ಕ್ಷೌರದ ಕತ್ತಿ ಮಾಡಿಸಿ ಫ್ಯಾರಡೆ ಗೆಳೆಯರಿಗೆ ಕೊಟ್ಟನಂತೆ.

ಇಂಥ ಹಳೆಯ ಕತ್ತಿಯೊಂದನ್ನು ಮತ್ತೆ ಬಳಕೆಗೆ ತರುವಾಗ ಮೊದಲು ಅಂಚನ್ನು ನೋಡಬೇಕು. ಅಂಚಿನಲ್ಲಿ ತುಕ್ಕು ಕಚ್ಚಿ ಕುಳಿ ಬಿದ್ದಿದ್ದರೆ ಆ ಭಾಗ ತೇದುಹೋಗುವ ತನಕ ಧಾರೆ ನಿಲ್ಲದು. ಕಲ್ಲು ಸಮತಟ್ಟಾಗಿರಬೇಕು, ಒದ್ದೆಯಾಗಿರಬೇಕು. ಕತ್ತಿಯ ಬೆನ್ನೂ ಅಂಚೂ ಎರಡೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಬೆನ್ನಿನ ದಪ್ಪವೇ ಕೋನವನ್ನು ಕಾಯುತ್ತದೆ, ಕೈ ಅದನ್ನು ಲೆಕ್ಕ ಹಾಕಬೇಕಾದ್ದಿಲ್ಲ. ಅಂಚು ಮುಂದಾಗಿ ಸರಿಯಬೇಕು, ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಹಿಂತಿರುಗಬೇಕು. ಒತ್ತಬಾರದು, ಒತ್ತಿದರೆ ಅಂಚಿಗೆ ತೆಳ್ಳನೆಯ ಲೋಹದ ಎಳೆ ಮೂಡುತ್ತದೆ, ಕೆನ್ನೆ ಉರಿಸುವುದು ಬಹಳ ಸಲ ಅದೇ. ಒರಟು ಕಲ್ಲಿನಿಂದ ನುಣುಪು ಕಲ್ಲಿಗೆ ಬಂದ ಮೇಲೆ ಚರ್ಮದ ಪಟ್ಟಿ. ಅಲ್ಲಿ ನಡೆ ತಿರುವುಮುರುವು: ಬೆನ್ನು ಮುಂದೆ, ಅಂಚು ಹಿಂದೆ. ಇಲ್ಲದಿದ್ದರೆ ಚರ್ಮ ಕುಯ್ದುಹೋಗುತ್ತದೆ. ಪಟ್ಟಿ ಪ್ರತಿ ಕ್ಷೌರಕ್ಕೂ ಬೇಕು, ಕಲ್ಲು ಅಪರೂಪಕ್ಕೆ ಸಾಕು. ಮೊಂಡು ಕತ್ತಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಲ್ಲಿ ಗಾಯ. ಹದವಾದ ಕತ್ತಿ ತನ್ನ ಭಾರದಿಂದಲೇ ನಡೆಯುತ್ತದೆ.

ಈ ವಿದ್ಯೆ ಮರೆಯಾದದ್ದಕ್ಕೆ ಕಾರಣಗಳು ಸಕಾರಣವಾದವೇ. ಅಮೆರಿಕದ ಜಿಲೆಟ್ 1903ರಲ್ಲಿ ಬದಲಿಸುವ ಬ್ಲೇಡಿನ ರೇಜರನ್ನು ಮಾರಾಟಕ್ಕೆ ತಂದನು, 1904ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ರಕ್ತದಿಂದ ಹರಡುವ ರೋಗಗಳ ತಿಳಿವಳಿಕೆ ಬಂದ ಮೇಲೆ ಅಂಗಡಿಗಳಲ್ಲಿ ಗಿರಾಕಿಗೊಂದು ಹೊಸ ಬ್ಲೇಡು ಎಂಬ ಪದ್ಧತಿ ಬಂತು. ಅದು ಒಳ್ಳೆಯದೇ, ಒಬ್ಬರ ಕತ್ತಿ ಇನ್ನೊಬ್ಬರಿಗೆ ಸಲ್ಲದು. ಆದರೆ ಕಲ್ಲೂ ಪಟ್ಟಿಯೂ ಅಂಗಡಿಯಿಂದ ಹೋದ ಮೇಲೆ ಹುಡುಗರಿಗೆ ಈ ಮಾತುಗಳನ್ನು ಆಡುವ ಸಂದರ್ಭವೇ ಇಲ್ಲವಾಯಿತು.

ಆದ್ದರಿಂದ ಈ ವಿಚಾರಗೋಷ್ಠಿಯ ವಿದ್ವಾಂಸರಲ್ಲಿ ನನ್ನ ಬಿನ್ನಹ ಒಂದೇ. ಗಡಿನಾಡಿನ ಶಬ್ದಸಂಗ್ರಹಕ್ಕೆ ಹೊರಟಾಗ ನಾವು ಮೊದಲು ಹೋಗುವುದು ಶಾಲೆಗೆ, ಮಠಕ್ಕೆ, ಕುಲಕರ್ಣಿಯ ಮನೆಗೆ. ಕಲ್ಲನ್ನೂ ಪಟ್ಟಿಯನ್ನೂ ಕೈಯಾರೆ ಬಲ್ಲ ಹಿರಿಯರ ಮನೆಗೂ ಹೋಗಬೇಕು, ಕೆಳಗೆ ಕೂತು ಕೇಳಬೇಕು. ಕಾಸರಗೋಡಿನಲ್ಲಿ, ಜತ್ತದಲ್ಲಿ, ಮಡಕಶಿರದಲ್ಲಿ ಕತ್ತಿಯ ಬೆನ್ನಿಗೆ, ಅಂಚಿಗೆ, ಪಟ್ಟಿಗೆ, ಎದ್ದ ಎಳೆಗೆ ಏನೇನು ಹೆಸರಿದೆ ಎಂದು ಬರೆದುಕೊಳ್ಳಬೇಕು. ಉಪನಿಷತ್ತಿನ ಋಷಿಗೆ ಆ ಉಪಮೆ ಸಿಕ್ಕಿದ್ದು ಯಾರೋ ಒಬ್ಬನು ಕ್ಷುರವನ್ನು ಚೆನ್ನಾಗಿ ಮಸೆದು ಇಟ್ಟಿದ್ದರಿಂದ. ಅವನ ಮಾತಿಗೂ ನಮ್ಮ ನಿಘಂಟಿನಲ್ಲಿ ಸ್ಥಾನ ಸಲ್ಲಬೇಕು.