ಸಣ್ಣ ಉದ್ದಿಮೆಗಳಿಗೆ ಜಾಲತಾಣ ನಿರ್ಮಾಣ ವೇದಿಕೆಯ ಆಯ್ಕೆ: ಕಮಲನಗರ ಭಾಗದ ಉದ್ದಿಮೆದಾರರಿಗೆ ಮಾಹಿತಿ

ಪೀಠಿಕೆ

ಹಿಂದೆ ಔರಾದ್ ತಾಲ್ಲೂಕಿನ ಭಾಗವಾಗಿದ್ದ ಕಮಲನಗರವು ಈಗ ಬೀದರ್ ಜಿಲ್ಲೆಯ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿರುತ್ತದೆ. ಭಾಲ್ಕಿ ಹಾಗೂ ಮಹಾರಾಷ್ಟ್ರದ ಉದಗೀರ್ ನಡುವಿನ ರೈಲು ಮಾರ್ಗದಲ್ಲಿರುವ ಈ ಭಾಗದ ಬೇಳೆಕಾಳು ವ್ಯಾಪಾರಿಗಳಿಗೂ ಬೀದರ್ ನಗರದ ಬಿದ್ರಿ ಕುಶಲಕರ್ಮಿಗಳಿಗೂ ದೂರದ ಗ್ರಾಹಕರನ್ನು ತಲುಪಲು ಜಾಲತಾಣವು ಸಹಕಾರಿಯಾಗಿದೆ. ಆದರೆ ವೇದಿಕೆಯನ್ನು ಆಯ್ಕೆ ಮಾಡುವಾಗ ಆರಂಭಿಕ ವೆಚ್ಚವೊಂದನ್ನೇ ಪರಿಗಣಿಸುವುದು ಸೂಕ್ತವಲ್ಲ.

ಉಚಿತ ಸೇವೆಯ ಮಿತಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಮೂಲಕ ಉಚಿತವಾಗಿ ನಿರ್ಮಿಸಲಾಗಿದ್ದ ಜಾಲತಾಣಗಳನ್ನು ಆ ಸಂಸ್ಥೆಯು ಮಾರ್ಚ್ 2024ರಲ್ಲಿ ಸ್ಥಗಿತಗೊಳಿಸಿತು. ಹಳೆಯ ವಿಳಾಸಕ್ಕೆ ಬಂದ ಗ್ರಾಹಕರನ್ನು ಪ್ರೊಫೈಲ್ ಪುಟಕ್ಕೆ ಕಳುಹಿಸುವ ವ್ಯವಸ್ಥೆಯೂ 10-06-2024ರವರೆಗೆ ಮಾತ್ರ ಜಾರಿಯಲ್ಲಿತ್ತು. ಇಂತಹ ಸಂದರ್ಭದಲ್ಲಿ ಅಂಗಡಿಯ ಫಲಕ, ಬಿಲ್ ಪುಸ್ತಕ ಮತ್ತು ಚೀಲಗಳ ಮೇಲೆ ಮುದ್ರಿಸಿದ ವಿಳಾಸವು ನಿರುಪಯುಕ್ತವಾಗುತ್ತದೆ. ವಿಳಾಸವು ಉದ್ದಿಮೆದಾರರ ಸ್ವಂತದ್ದಾಗಿದ್ದಲ್ಲಿ ಅದನ್ನು ಬೇರೊಂದು ವೇದಿಕೆಗೆ ಜೋಡಿಸಬಹುದು. ಆದುದರಿಂದ ಮೊದಲು ವಿಳಾಸ, ನಂತರ ವೇದಿಕೆ ಎಂಬ ಕ್ರಮವನ್ನು ಅನುಸರಿಸುವುದು ಒಳಿತು.

ವೇದಿಕೆಗಳ ವಿಧಗಳು

1. ಸಿದ್ಧ ವೇದಿಕೆಗಳು (ವಿಕ್ಸ್, ಸ್ಕ್ವೇರ್‌ಸ್ಪೇಸ್ ಮುಂತಾದವು): ತಾಂತ್ರಿಕ ಜ್ಞಾನದ ಅಗತ್ಯವಿರುವುದಿಲ್ಲ. ಸ್ವಂತ ವಿಳಾಸ ಜೋಡಿಸಲು ಶುಲ್ಕ ಪಾವತಿಸಬೇಕಾಗುತ್ತದೆ. ನಿರ್ಮಿಸಿದ ತಾಣವನ್ನು ಇದ್ದ ಹಾಗೆಯೇ ಬೇರೆಡೆಗೆ ಸ್ಥಳಾಂತರಿಸಲು ಆಗುವುದಿಲ್ಲ.

2. ಮುಕ್ತ ತಂತ್ರಾಂಶ: 2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ತಂತ್ರಾಂಶವು ಉಚಿತವಾಗಿದ್ದು, ವಿಳಾಸ ಹಾಗೂ ಹೋಸ್ಟಿಂಗ್‌ಗೆ ಮಾತ್ರ ಹಣ ನೀಡಬೇಕಾಗುತ್ತದೆ. ತಾಣವನ್ನು ಒಂದು ಹೋಸ್ಟಿಂಗ್ ಸಂಸ್ಥೆಯಿಂದ ಮತ್ತೊಂದಕ್ಕೆ ವರ್ಗಾಯಿಸಬಹುದು. ನವೀಕರಣ, ಸುರಕ್ಷತೆ ಮತ್ತು ಬ್ಯಾಕಪ್ ಜವಾಬ್ದಾರಿಯು ಮಾಲೀಕರದ್ದಾಗಿರುತ್ತದೆ.

3. ಮಾರಾಟ ವೇದಿಕೆಗಳು (ಶಾಪಿಫೈ ಮುಂತಾದವು): ಸರಕುಗಳ ಪಟ್ಟಿ, ದಾಸ್ತಾನು ಲೆಕ್ಕ ಮತ್ತು ಹಣ ಪಾವತಿ ಒಂದೆಡೆ ದೊರೆಯುತ್ತವೆ. ಮಾಸಿಕ ಶುಲ್ಕದ ಜೊತೆಗೆ ಪಾವತಿ ಸೇವೆಯ ಶುಲ್ಕವೂ ಇರುತ್ತದೆ.

ಬಿದ್ರಿ ವಸ್ತುಗಳನ್ನು ಹೊರರಾಜ್ಯಗಳಿಗೆ ಕಳುಹಿಸುವವರಿಗೆ ಮೂರನೆಯ ವಿಧವು ಉಪಯುಕ್ತವಾಗಬಹುದು. ಸಗಟು ದರವನ್ನು ದೂರವಾಣಿಯಲ್ಲಿಯೇ ನಿರ್ಧರಿಸುವ ಬೇಳೆ ವ್ಯಾಪಾರಿಗೆ ಕೆಲವೇ ಪುಟಗಳ ಸರಳ ತಾಣ ಸಾಕಾಗುತ್ತದೆ. ಊರಿನ ಗ್ರಾಹಕರನ್ನಷ್ಟೇ ಅವಲಂಬಿಸಿರುವ ಅಂಗಡಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಸರಕು ಪಟ್ಟಿಯೇ ಸಾಕಾಗಬಹುದು.

ಆಯ್ಕೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ವಿಳಾಸವು ಮಾಲೀಕರ ಹೆಸರಿನಲ್ಲಿ, ಅವರದೇ ಮಿಂಚಂಚೆ ಹಾಗೂ ಮೊಬೈಲ್ ಸಂಖ್ಯೆಯೊಂದಿಗೆ ನೋಂದಣಿಯಾಗತಕ್ಕದ್ದು. ತಾಣ ನಿರ್ಮಿಸಿಕೊಟ್ಟವರ ಹೆಸರಿನಲ್ಲಿದ್ದಲ್ಲಿ ಮುಂದೆ ವಿವಾದಕ್ಕೆ ಎಡೆಯಾಗುತ್ತದೆ. ‘ಡಾಟ್ ಇನ್’ ಮಾತ್ರವಲ್ಲದೆ ಕನ್ನಡ ಲಿಪಿಯ ‘ಡಾಟ್ ಭಾರತ’ ವಿಳಾಸವನ್ನೂ ಪಡೆಯಲು ಅವಕಾಶವಿದೆ.

ಆ) ಮೊದಲ ವರ್ಷದ ರಿಯಾಯಿತಿ ದರವನ್ನಲ್ಲದೆ, ನವೀಕರಣ ಶುಲ್ಕ ಮತ್ತು ತೆರಿಗೆ ಸೇರಿದಂತೆ ಮೂರು ವರ್ಷಗಳ ಒಟ್ಟು ವೆಚ್ಚವನ್ನು ಲೆಕ್ಕ ಹಾಕಿ ಹೋಲಿಸತಕ್ಕದ್ದು.

ಇ) ಕನ್ನಡ ಪಠ್ಯವು ಯೂನಿಕೋಡ್‌ನಲ್ಲಿರತಕ್ಕದ್ದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯ ಪಠ್ಯವನ್ನು ಪರಿವರ್ತಿಸದಿದ್ದಲ್ಲಿ ಮೊಬೈಲ್‌ನಲ್ಲಿ ಓದಲು ಬಾರದು, ಹುಡುಕಿದರೂ ಸಿಗದು. ಗಡಿಭಾಗದ ಗ್ರಾಹಕರಿಗಾಗಿ ಮರಾಠಿ ಪುಟವನ್ನೂ ಸೇರಿಸಲು ಸಾಧ್ಯವೇ ಎಂದು ನೋಡುವುದು ಉತ್ತಮ.

ಈ) ಸರಕುಗಳ ಪಟ್ಟಿ, ಚಿತ್ರ ಹಾಗೂ ಗ್ರಾಹಕರ ವಿವರಗಳನ್ನು ಬೇಕೆಂದಾಗ ಇಳಿಸಿಕೊಳ್ಳುವ ಸೌಲಭ್ಯವಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಕಾನೂನು ಅಂಶಗಳು

ಜಾಲತಾಣದ ಮೂಲಕ ಮಾರಾಟ ಮಾಡುವವರು ಗ್ರಾಹಕರ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಉಪಬಂಧಗಳನ್ನು ಗಮನಿಸತಕ್ಕದ್ದು. ಉದ್ದಿಮೆಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಹಾಗೂ ಕುಂದುಕೊರತೆ ಅಧಿಕಾರಿಯ ವಿವರಗಳನ್ನು ಪ್ರಕಟಿಸಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಇವುಗಳನ್ನು ಪ್ರಕಟಿಸಲು ಅನುಕೂಲವಿಲ್ಲದ ವೇದಿಕೆಯು ಮಾರಾಟಕ್ಕೆ ಯೋಗ್ಯವಲ್ಲ.

ಸೂಚನೆ: ವಿಳಾಸದ ಅವಧಿ ಮುಗಿಯುವ ದಿನಾಂಕ ಹಾಗೂ ಪ್ರವೇಶಪದದ ವಿವರಗಳನ್ನು ಲೆಕ್ಕಪತ್ರಗಳ ಜೊತೆಯಲ್ಲಿಯೇ ಭದ್ರವಾಗಿ ಇರಿಸಿಕೊಳ್ಳುವುದು. ನವೀಕರಿಸದೆ ಬಿಟ್ಟ ವಿಳಾಸವನ್ನು ಬೇರೆ ಯಾರಾದರೂ ನೋಂದಾಯಿಸಿಕೊಳ್ಳಬಹುದು.