ಶಿರೋಗ್ರೀವಾರ್ಬುದದ ಮೂಲವಿಚಾರ

ಇಂದು ಕ್ಯಾನ್ಸರಿಗೆ ಹೆಸರಾಗಿರುವ 'ಅರ್ಬುದ'ವನ್ನು ಸುಶ್ರುತಸಂಹಿತೆಯು ಆಳವಾಗಿ ಬೇರೂರಿ ಮೆಲ್ಲನೆ ಬೆಳೆಯುವ, ಕೀವಾಗದ ಮಾಂಸವೃದ್ಧಿಯೆಂದು ವರ್ಣಿಸಿರುವುದು. ಇದರ ಮೂಲವು ಜೀವಕೋಶದ ವರ್ಣತಂತುಗಳ ಅವ್ಯವಸ್ಥೆಯೆಂದು ೧೯೧೪ರಲ್ಲಿ ಜರ್ಮನಿಯ ಬೊವೆರಿಯವರು ಊಹಿಸಿದರು. ೧೯೩೩ರಲ್ಲಿ ತಿರುವಾಂಕೂರಿನಲ್ಲಿದ್ದ ಓರ್ ಎಂಬ ವೈದ್ಯರು ತಾಂಬೂಲ ಅಗಿಯುವವರ ಬಾಯಿಯ ಅರ್ಬುದವನ್ನು ಕುರಿತು ಬರೆದರು. ಹೊರಗಿನ ಈ ಕಾರಣಕ್ಕೂ ಒಳಗಿನ ಆ ಕೇಡಿಗೂ ಇರುವ ಸಂಬಂಧವು ಬಹುಕಾಲ ಸ್ಪಷ್ಟವಾಗಲಿಲ್ಲ.

೧೯೭೯ರಲ್ಲಿ ಕಂಡುಬಂದ ಪಿ೫೩ ಎಂಬ ಪ್ರೋಟೀನನ್ನು ವಿದ್ವಾಂಸರು ಮೊದಲು ಅರ್ಬುದಪೋಷಕವೆಂದೇ ಎಣಿಸಿದ್ದರು. ಅದು ಅರ್ಬುದನಿರೋಧಕವೆಂದು ೧೯೮೯ರಲ್ಲಿ ಸಿದ್ಧವಾಯಿತು. ಹೊಗೆಸೊಪ್ಪಿನ ವಿಷವು ಇದರ ಜೀನನ್ನು ಕೆಡಿಸಿದರೆ ಕಾವಲು ತಪ್ಪಿ ಕೋಶವು ಮಿತಿಗೆಟ್ಟು ವಿಭಜಿಸುವುದು. ೨೦೧೧ರಲ್ಲಿ ಎರಡು ಸಂಶೋಧಕಮಂಡಲಿಗಳು ತಲೆ-ಕೊರಳಿನ ಗಡ್ಡೆಗಳ ಜೀನುಗಳನ್ನು ಓದಿ, ನಾಚ್೧ ಎಂಬುದೂ ಕೆಟ್ಟಿರುವುದನ್ನು ಕಂಡವು. ರಕ್ತದ ಕೆಲವು ಅರ್ಬುದಗಳಲ್ಲಿ ಅತಿಚಟುವಟಿಕೆಯಿಂದ ಕೇಡುಮಾಡುವ ಈ ಜೀನು ಇಲ್ಲಿ ಬಹುಮಟ್ಟಿಗೆ ನಿಷ್ಕ್ರಿಯವಾಗಿ ಕೇಡುಮಾಡುವುದು. ಪ್ಯಾಪಿಲೋಮಾ ವೈರಸ್ಸಿನಿಂದಾದ ಗಂಟಲಿನ ಅರ್ಬುದದಲ್ಲಿಯಾದರೋ ಪಿ೫೩ರ ಜೀನು ಸಾಮಾನ್ಯವಾಗಿ ಕೆಡದು. ವೈರಸ್ಸಿನ ಪ್ರೋಟೀನೇ ಕಾವಲುಗಾರನನ್ನು ನಾಶಪಡಿಸುವುದು.

ಈ ವಿಕೃತಿಗಳಲ್ಲಿ ಹೆಚ್ಚಿನವು ವಂಶದಿಂದ ಬಂದವಲ್ಲ, ಬದುಕಿನಲ್ಲಿ ಆರ್ಜಿತವಾದುವು. ಆದುದರಿಂದ ಈ ರೋಗವನ್ನು ವಿಧಿಲಿಖಿತವೆಂದು ಕೈಕಟ್ಟಿ ಕುಳಿತಿರುವುದು ಯುಕ್ತವಲ್ಲ. ಹೊಗೆಸೊಪ್ಪು ಅಡಕೆಗಳ ತ್ಯಾಗವೇ ಇದರ ಮೊದಲನೆಯ ಚಿಕಿತ್ಸೆಯು.